ಯಾರ ಎದುರು 38 ಪಾಯಿಂಟ್?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ನಮ್ಮ ಯಜಮಾನರು ಡಾಕ್ಟರ್. ಹನ್ನೆರಡು ವರ್ಷದಿಂದ ಅಮೆರಿಕದ ಪಶ್ಚಿಮ ಕಾನ್ಸಾಸ್‌ನಲ್ಲಿ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದಾರೆ. ಮಗ ಹತ್ತನೇ ಗ್ರೇಡ್, ಬಾಸ್ಕೆಟ್‌ಬಾಲ್ ಹುಚ್ಚು. ಆರು ಅಡಿ ಮೂರು ಇಂಚು ಇದ್ದಾನೆ. ಸ್ಕೂಲಿಗೆಲ್ಲ ಅವನೇ ಎತ್ತರ, ಅದಕ್ಕೆ ಸೆಂಟರ್ ಆಡಿಸುತ್ತಾರೆ, ಅಂದರೆ ರಿಂಗಿನ ಹತ್ತಿರ ನಿಲ್ಲುವ ಜಾಗ. ಈ ವರ್ಷ ಮ್ಯಾಚಿಗೆ ಸರಾಸರಿ 24 ಪಾಯಿಂಟ್, ಒಂದರಲ್ಲಂತೂ 38. ಹೈಸ್ಕೂಲಿನಲ್ಲಿ ಒಟ್ಟು 120 ಮಕ್ಕಳು. ಇವತ್ತಿನವರೆಗೆ ಒಬ್ಬ ಕಾಲೇಜ್ ಕೋಚೂ ಇತ್ತ ಬಂದಿಲ್ಲ. ಎರಡು ದೊಡ್ಡ ಕಾಲೇಜುಗಳಿಂದ ಬೇಸಿಗೆ ಕ್ಯಾಂಪಿಗೆ ಬಾ ಅಂತ ಪತ್ರ ಬಂದಿದೆ. ಒಂದು ಕಂಪನಿಯವರು 3,000 ಡಾಲರ್ ಕೊಟ್ಟರೆ 500 ಕಾಲೇಜಿಗೆ ಅವನ ವಿವರ ಕಳಿಸುತ್ತೇವೆ ಅನ್ನುತ್ತಾರೆ. ಕಾಲೇಜ್ ಆಟದ ಎಲ್ಲಕ್ಕಿಂತ ಮೇಲಿನ ಮಟ್ಟ ಡಿವಿಷನ್ 1, ಅದು ಸಿಗುತ್ತದಾ? ಅವನಿಗೋಸ್ಕರ ವಿಚಿಟಾಗೆ ಮನೆ ಬದಲಿಸಬೇಕಾ? ನಾವಿನ್ನೂ ಎಚ್-1 ಅನ್ನುವ ಕೆಲಸದ ವೀಸಾದಲ್ಲೇ ಇದ್ದೇವೆ, ಮಗ ಎಚ್-4, ಅಂದರೆ ಅವಲಂಬಿತರ ವೀಸಾ. ಇನ್ನೊಂದು ವಿಷಯ, ಅವನು ಸಸ್ಯಾಹಾರಿ. ಕಾಲೇಜ್ ಟೀಮಿನಲ್ಲಿ ಊಟಕ್ಕೆ ತೊಂದರೆ ಆಗುತ್ತದಾ?

ಉತ್ತರ: ನಮಸ್ಕಾರ. 38 ಪಾಯಿಂಟ್ ಅಂತ ಓದಿ ಖುಷಿಯಾಯಿತು. ಆದರೆ ಇದನ್ನು ಒಬ್ಬ ಕಾಲೇಜ್ ಕೋಚ್ ಮುಂದೆ ಹೇಳಿ ನೋಡಿ. ಅವರು ಕೇಳುವುದು ಒಂದೇ ಮಾತು: ಯಾರ ಎದುರು? ಮಿಡ್‌ವೆಸ್ಟಿನ ಸಣ್ಣ ಕಾಲೇಜುಗಳಲ್ಲಿ ಹನ್ನೊಂದು ವರ್ಷ ಅಸಿಸ್ಟೆಂಟ್ ಕೋಚ್ ಆಗಿದ್ದೆ. ಹುಡುಗರನ್ನು ಹುಡುಕಿ ತರುವುದೇ ನನ್ನ ಕೆಲಸವಾಗಿತ್ತು. ನಾನೂ ಇದನ್ನೇ ಕೇಳುತ್ತಿದ್ದೆ.

ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತೇವಲ್ಲ, ಸಣ್ಣ ಊರಿನ ಆಟಗಾರನ ಮೇಲೆ ಕೋಚ್‌ಗಳಿಗೆ ಇರುವ ಅನುಮಾನ ಅದೇ. 120 ಮಕ್ಕಳ ಸ್ಕೂಲು ಅಂದರೆ ಗಂಡು ಹುಡುಗರು ಅರವತ್ತು. ಎದುರು ಟೀಮಿನ ಸ್ಕೂಲೂ ಅಷ್ಟೇ. ನಿಮ್ಮ ಮಗನನ್ನು ತಡೆಯಲು ನಿಂತ ಹುಡುಗ ಐದು ಅಡಿ ಹತ್ತು ಇಂಚು ಇರಬಹುದು. ಫುಟ್‌ಬಾಲ್ ಸೀಸನ್ ಮುಗಿಸಿ, ಚಳಿಗಾಲದಲ್ಲಿ ಮನೇಲಿ ಕೂರಲಾರದೆ ಬಾಸ್ಕೆಟ್‌ಬಾಲಿಗೆ ಬಂದವನು. ಅವನ ತಲೆ ಮೇಲಿಂದ 38 ಹಾಕಿದರೆ ಅದು ಆಟವೋ, ಬರೀ ಎತ್ತರವೋ? ಹುಡುಗ ಚೆನ್ನಾಗಿಲ್ಲ ಅಂತ ಕೋಚ್ ಹೇಳುತ್ತಿಲ್ಲ. ಅಳೆಯಲು ನನ್ನ ಹತ್ತಿರ ಸೇರು ಇಲ್ಲ ಅನ್ನುತ್ತಿದ್ದಾರೆ, ಅಷ್ಟೆ.

ಹಾಗಾಗಿ ಈಗ ಆಗಬೇಕಾದ್ದು ಇನ್ನೂ ಜಾಸ್ತಿ ಪಾಯಿಂಟ್ ಅಲ್ಲ. ಆ ಪ್ರಶ್ನೆಗೆ ಉತ್ತರ ಬೇಕು. ಇಲ್ಲಿ ನಮ್ಮವರು ಒಂದು ತಪ್ಪು ಲೆಕ್ಕ ಹಾಕುವುದನ್ನು ಬಹಳ ಸಲ ನೋಡಿದ್ದೇನೆ. ಕರ್ನಾಟಕದಲ್ಲಿ ಸ್ಪೋರ್ಟ್ಸ್ ಕೋಟಾ ಅಂದರೆ ಸರ್ಟಿಫಿಕೇಟು. ರಾಜ್ಯ ಮಟ್ಟ, ರಾಷ್ಟ್ರ ಮಟ್ಟ, ಯಾವುದರಲ್ಲಿ ಆಡಿದ, ಅದಕ್ಕೆ ತಕ್ಕ ಸೀಟು. ಫೈಲ್ ಗಟ್ಟಿ ಇದ್ದರೆ ಆಯಿತು. ಇಲ್ಲಿ ಆ ಫೈಲನ್ನು ಯಾರೂ ಕೇಳುವುದಿಲ್ಲ. ಒಬ್ಬ ಕೋಚ್ ಕಣ್ಣಾರೆ ನೋಡಬೇಕು, ಇವನು ನನ್ನ ಟೀಮಿಗೆ ಬೇಕು ಅನ್ನಬೇಕು. ಆಲ್-ಲೀಗ್ ಪದಕ, ಸ್ಥಳೀಯ ಪೇಪರ್ ಕಟಿಂಗು ಎಲ್ಲ ಮನೆ ಗೋಡೆಗೆ ಚಂದ.

ನೋಡುವುದು ಅನ್ನೋದು ಎಷ್ಟು ಆಕಸ್ಮಿಕ ಅಂತ ಒಂದು ಕಥೆ ಹೇಳುತ್ತೇನೆ. ಸೌತ್ ಕ್ಯಾರೊಲೈನಾದ ಡಾಲ್ಜೆಲ್ ಅನ್ನುವ ಸಣ್ಣ ಊರಿನ ಹುಡುಗ ಜಾ ಮೊರಾಂಟ್. ಬೇಸಿಗೆ ಟೀಮಿನಲ್ಲಿ ಸ್ವಲ್ಪ ಕಾಲ ಝಯಾನ್ ವಿಲಿಯಮ್ಸನ್ ಜೊತೆಗೇ ಆಡಿದ್ದ. ಝಯಾನ್‌ನನ್ನು ನೋಡಲು ದೇಶದ ದೊಡ್ಡ ದೊಡ್ಡ ಕೋಚ್‌ಗಳೆಲ್ಲ ಬರುತ್ತಿದ್ದರು. ಪಕ್ಕದಲ್ಲಿದ್ದವನು ಅವರ ಕಣ್ಣಿಗೆ ಬೀಳಲಿಲ್ಲ. 2016ರಲ್ಲಿ ಒಂದು ಕ್ಯಾಂಪಿಗೆ ಮರ್ರೆ ಸ್ಟೇಟ್ ಕಾಲೇಜಿನ ಅಸಿಸ್ಟೆಂಟ್ ಕೋಚ್ ಜೇಮ್ಸ್ ಕೇನ್ ಬೇರೊಬ್ಬ ಆಟಗಾರನನ್ನು ನೋಡಲು ಹೋಗಿದ್ದರು. ಹಸಿವಾಯಿತು, ತಿನ್ನಲು ಏನಾದರೂ ತರೋಣ ಅಂತ ಎದ್ದರು. ಹಿಂದಿನ ಸಣ್ಣ ಜಿಮ್‌ನಲ್ಲಿ ಬಾಲ್ ಸದ್ದು ಕೇಳಿಸಿತು. ಇಣುಕಿದರೆ ಮೊರಾಂಟ್ ಮೂವರ ಎದುರು ಮೂವರ ಆಟ ಆಡುತ್ತಿದ್ದ. ಮುಖ್ಯ ಕ್ಯಾಂಪಿನಲ್ಲಿ ಅವನಿಗೆ ಜಾಗವೂ ಸಿಕ್ಕಿರಲಿಲ್ಲ. ಕೇನ್ ಕೂಡಲೇ ಹೆಡ್ ಕೋಚ್‌ಗೆ ಫೋನ್ ಮಾಡಿದರು. ಎನ್‌ಬಿಎ ಅನ್ನುವ ವೃತ್ತಿಪರ ಲೀಗಿನ ಟೀಮುಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ 2019ರ ಡ್ರಾಫ್ಟಿನಲ್ಲಿ ಮೊದಲನೆಯವನು ಝಯಾನ್, ಎರಡನೆಯವನು ಮೊರಾಂಟ್.

ಈ ಕಥೆಯನ್ನು ಎಲ್ಲರೂ "ಪ್ರತಿಭೆ ಇದ್ದರೆ ಎಲ್ಲಿದ್ದರೂ ಸಿಗ್ತಾರೆ" ಅನ್ನೋಕೆ ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ತದ್ವಿರುದ್ಧ. ಅವತ್ತು ಕೇನ್‌ಗೆ ಹಸಿವಾಗದೇ ಇದ್ದಿದ್ದರೆ? ಇನ್ನೊಂದು ವಿಷಯವನ್ನೂ ಗಮನಿಸಿ. ಹುಡುಗ ಊರಲ್ಲಿ ಕೂತಿರಲಿಲ್ಲ. ಹಿಂದಿನ ಜಿಮ್ ಆದರೂ ಸರಿ, ಕೋಚ್‌ಗಳು ಓಡಾಡುವ ಜಾಗದಲ್ಲಿ ಇದ್ದ. ಅವನನ್ನು ಕಂಡದ್ದು ಡ್ಯೂಕ್, ಕೆಂಟಕಿ ಥರದ ದೊಡ್ಡ ಹೆಸರಿನ ಕಾಲೇಜಲ್ಲ. ಅವನ ಮಟ್ಟದ ಹುಡುಗರಿಗಾಗಿಯೇ ಅಲೆಯುವ ಒಂದು ಸಣ್ಣ ಕಾಲೇಜು.

ನಿಮಗೆ ಇನ್ನೂ ಹತ್ತಿರದ ಉದಾಹರಣೆ ರಾನ್ ಬೇಕರ್. ನಿಮ್ಮದೇ ಪಶ್ಚಿಮ ಕಾನ್ಸಾಸ್, ಸ್ಕಾಟ್ ಸಿಟಿ ಹೈಸ್ಕೂಲ್. ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ನಿಮ್ಮೂರಲ್ಲಿ ಯಾವ ಗ್ಯಾಸ್ ಸ್ಟೇಷನ್ನಿನಲ್ಲಿ ಈ ಹೆಸರು ಎತ್ತಿದರೂ ಅರ್ಧ ಗಂಟೆ ಮಾತಾಡುತ್ತಾರೆ. 2011ರಲ್ಲಿ ಅವನು ವಿಚಿಟಾ ಸ್ಟೇಟ್ ಸೇರಿದ್ದು ವಾಕ್-ಆನ್ ಆಗಿ, ಅಂದರೆ ಟೀಮಿನಲ್ಲಿ ಜಾಗ ಉಂಟು, ಸ್ಕಾಲರ್‌ಶಿಪ್ ಇಲ್ಲ. ಮೊದಲ ವರ್ಷ ಮ್ಯಾಚ್ ಆಡಲಿಲ್ಲ, ಬರೀ ಪ್ರಾಕ್ಟೀಸ್. 2013ರಲ್ಲಿ ಅದೇ ಟೀಮು ಫೈನಲ್ ಫೋರ್, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಘಟ್ಟ ತಲುಪಿತು. ಮುಂದಿನ ಸೀಸನ್ನಿನಲ್ಲಿ ಸತತ 35 ಮ್ಯಾಚ್ ಗೆದ್ದು ಕೊನೆಗೆ ಕೆಂಟಕಿಗೆ ಎರಡು ಪಾಯಿಂಟಿನಲ್ಲಿ ಸೋತಿತು. ಎರಡರಲ್ಲೂ ಬೇಕರ್ ಮುಖ್ಯ ಆಟಗಾರ. 2016ರಲ್ಲಿ ಎನ್‌ಬಿಎ ಟೀಮ್ ನ್ಯೂಯಾರ್ಕ್ ನಿಕ್ಸ್ ಸೇರಿದ.

ಆದರೆ ಬೇಕರ್ ಹೋದ ದಾರಿ ಈಗ ಅಷ್ಟು ಸಲೀಸಾಗಿಲ್ಲ. ಕಾರಣ ಟ್ರಾನ್ಸ್‌ಫರ್ ಪೋರ್ಟಲ್. 2018ರ ಅಕ್ಟೋಬರಿನಲ್ಲಿ ಶುರುವಾಯಿತು. ಕಾಲೇಜ್ ಬದಲಿಸಬೇಕು ಅನ್ನುವ ಆಟಗಾರರು ಅದರಲ್ಲಿ ಹೆಸರು ಹಾಕುತ್ತಾರೆ. ಮೊದಲು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ಕಟ್ಟು ತೆಗೆದರು. 2024ರಲ್ಲಿ ಓದು ಸರಿಯಿದ್ದರೆ ಎಷ್ಟು ಸಲವಾದರೂ ಸರಿ ಅಂದರು. 2025ರ ವಸಂತದಲ್ಲಿ ಡಿವಿಷನ್ 1 ಪುರುಷರ ಬಾಸ್ಕೆಟ್‌ಬಾಲ್ ಒಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜನ ಪೋರ್ಟಲಿಗೆ ಇಳಿದರು. ಈಗ ಕೋಚ್ ಜಾಗದಲ್ಲಿ ಕೂತು ಯೋಚನೆ ಮಾಡಿ. ಒಂದು ಸ್ಥಾನ ಖಾಲಿ ಇದೆ. ಒಂದು ಕಡೆ 22 ವರ್ಷದವನು, ಅರವತ್ತು ಕಾಲೇಜ್ ಮ್ಯಾಚ್ ಆಡಿದವನು, ಮೈ ತುಂಬಿದೆ, ವಿಡಿಯೋ ಪೂರ್ತಿ ಇದೆ. ಇನ್ನೊಂದು ಕಡೆ 18ರ ಹುಡುಗ, ನಾಲ್ಕು ಹಳ್ಳಿ ಸ್ಕೂಲಿನ ಎದುರು ಆಡಿದವನು. ಮುಂದಿನ ಮಾರ್ಚಿನಲ್ಲಿ ಗೆಲ್ಲದಿದ್ದರೆ ಕೋಚ್ ಕೆಲಸವೇ ಹೋಗುತ್ತದೆ. ಯಾರನ್ನು ತಗೋತಾರೆ?

ಇದರ ಪೆಟ್ಟು ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಡಿವಿಷನ್ 1ರಲ್ಲಿ ಆಡಲು ಸಿಗದವರು ಡಿವಿಷನ್ 2ಕ್ಕೆ ಬರುತ್ತಾರೆ. ಹೈಸ್ಕೂಲಿನಿಂದ ಬರುವವನು ಒಂದು ಮೆಟ್ಟಿಲು ಕೆಳಗೆ ಸರಿಯಬೇಕಾಗುತ್ತದೆ. ಜೊತೆಗೆ 2025ರಲ್ಲಿ ಹೌಸ್ ಒಪ್ಪಂದ ಅನ್ನುವ ಕೋರ್ಟ್ ರಾಜಿ ಬಂತು. ಅದಕ್ಕೆ ಸೇರಿದ ಕಾಲೇಜುಗಳು ಬಾಸ್ಕೆಟ್‌ಬಾಲ್ ಟೀಮಿನಲ್ಲಿ 15 ಜನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಹದಿನೈದೂ ಜನಕ್ಕೆ ಸ್ಕಾಲರ್‌ಶಿಪ್ ಕೊಡಬಹುದು, ಒಳ್ಳೆಯದೇ. ಆದರೆ ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದ ಹದಿನಾರನೆಯ, ಹದಿನೇಳನೆಯ ವಾಕ್-ಆನ್ ಹುಡುಗನ ಕುರ್ಚಿ ಹೋಯಿತು. ಸಣ್ಣ ಊರಿನವರು ಒಳಗೆ ನುಸುಳುತ್ತಿದ್ದ ಬಾಗಿಲೇ ಅದು.

ಅಂಕಿ ಅಂಶ ಒಂದೇ ಸಲ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಆಡುವ ಹುಡುಗರು ಸುಮಾರು 5 ಲಕ್ಷ 40 ಸಾವಿರ. ಕಾಲೇಜ್ ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ಮೂರು ಡಿವಿಷನ್ ಸೇರಿಸಿದರೂ ಅಲ್ಲಿ ಆಡುವವರು ನೂರಕ್ಕೆ ಮೂರೂವರೆ. ಡಿವಿಷನ್ 1 ಒಂದನ್ನೇ ನೋಡಿದರೆ ನೂರಕ್ಕೆ ಒಬ್ಬ. ನಿಮ್ಮ ಮಗ ಆ ಒಬ್ಬನಾ? ನೋಡದೆ ಹೇಳಲಾರೆ. ನೋಡಿದರೂ ಹದಿನಾರಕ್ಕೆ ಹೇಳುವುದು ಕಷ್ಟ.

ಈಗ ನನಗೆ ಬಹಳ ಮುಖ್ಯ ಅನ್ನಿಸಿದ ವಿಷಯ. ನಿಮ್ಮ ಪತ್ರದಲ್ಲಿ ಅದು ಅರ್ಧ ಸಾಲಿನಲ್ಲಿ ಬಂದು ಹೋಗಿದೆ: "ಅದಕ್ಕೆ ಸೆಂಟರ್ ಆಡಿಸುತ್ತಾರೆ." ಆರು ಅಡಿ ಮೂರು ಇಂಚಿನ ಸೆಂಟರ್ ಕಾಲೇಜಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಡಿವಿಷನ್ 2ರಲ್ಲೂ ಆ ಜಾಗದಲ್ಲಿ ನಿಲ್ಲುವವರು ಆರು ಅಡಿ ಎಂಟು, ಒಂಬತ್ತು ಇಂಚು. ಆರು-ಮೂರು ಅಂದರೆ ಅಲ್ಲಿ ಗಾರ್ಡ್. ಗಾರ್ಡ್ ಅಂದರೆ ಬಾಲನ್ನು ತಟ್ಟಿಕೊಂಡು ಕೋರ್ಟಿನ ಆ ಕಡೆಯಿಂದ ಈ ಕಡೆಗೆ ತರಬೇಕು, ಮೈಮೇಲೆ ಬೀಳುವವನನ್ನು ದಾಟಬೇಕು, ದೂರದಿಂದ ಶೂಟ್ ಮಾಡಬೇಕು. ನಿಮ್ಮ ಮಗ ಇದ್ಯಾವುದನ್ನೂ ಮ್ಯಾಚಿನಲ್ಲಿ ಮಾಡುತ್ತಿಲ್ಲ. ರಿಂಗಿನ ಕೆಳಗೆ ನಿಂತು, ಬೆನ್ನು ತಿರುಗಿಸಿ, ಕುಳ್ಳರ ಮೇಲಿಂದ ಹಾಕುತ್ತಿದ್ದಾನೆ. ಸಣ್ಣ ಸ್ಕೂಲಿನ ಉದ್ದನೆಯ ಹುಡುಗರ ಪಾಡು ಎಲ್ಲ ಕಡೆ ಇದೇ. ಸ್ಕೂಲ್ ಕೋಚ್‌ದು ತಪ್ಪಲ್ಲ. ಅವರಿಗೂ ಶುಕ್ರವಾರದ ಮ್ಯಾಚ್ ಗೆಲ್ಲಬೇಕು, ಇರೋ ಉದ್ದದವನನ್ನು ಒಳಗೆ ನಿಲ್ಲಿಸುತ್ತಾರೆ.

ಅವರ ಹತ್ತಿರ ಹೋಗಿ ನೇರವಾಗಿ ಮಾತಾಡಿ. ಮಾತಾಡುವುದು ಹುಡುಗನೇ ಆದರೆ ಇನ್ನೂ ಒಳ್ಳೆಯದು. "ಸರ್, ನನಗೆ ಕಾಲೇಜಿನಲ್ಲಿ ಆಡಬೇಕು. ಮ್ಯಾಚಿನಲ್ಲಿ ಸ್ವಲ್ಪ ಹೊತ್ತಾದರೂ ಬಾಲ್ ನಾನು ತರಬಹುದಾ?" ಬಹಳ ಕೋಚ್‌ಗಳು ಒಪ್ಪುತ್ತಾರೆ. ಒಪ್ಪದಿದ್ದರೂ ಬೇಸಿಗೆ ಟೀಮಿನಲ್ಲಿ ಗಾರ್ಡ್ ಆಗಿಯೇ ಆಡಲಿ. ಅಲ್ಲಿ ಸರಾಸರಿ 24ರಿಂದ 7ಕ್ಕೆ ಇಳಿಯಬಹುದು. ಇಳಿಯಲಿ ಬಿಡಿ. ತನ್ನ ಎತ್ತರದವನೇ ಮುಂದೆ ನಿಂತಾಗ ಹಾಕಿದ 7 ಪಾಯಿಂಟ್, ಕೋಚ್‌ಗೆ ಆ 38ಕ್ಕಿಂತ ಹೆಚ್ಚು ವಿಷಯ ಹೇಳುತ್ತದೆ.

ಶೂಟಿಂಗ್ ಬಗ್ಗೆ ಒಂದು ಅಳತೆ ಹೇಳುತ್ತೇನೆ, ಗೋಡೆಗೆ ಅಂಟಿಸಿಡಿ. ಹೈಸ್ಕೂಲಿನ ಮೂರು ಪಾಯಿಂಟ್ ಗೆರೆ ರಿಂಗಿನಿಂದ 19 ಅಡಿ 9 ಇಂಚು. ಕಾಲೇಜ್ ಪುರುಷರದು 22 ಅಡಿ ಒಂದೂ ಮುಕ್ಕಾಲು ಇಂಚು. ಎರಡು ಅಡಿಗಿಂತ ಜಾಸ್ತಿ ವ್ಯತ್ಯಾಸ. ಹೈಸ್ಕೂಲ್ ಗೆರೆಯ ಮೇಲೆ ಕಾಲಿಟ್ಟು ಹಾಕಿದ ಶಾಟ್ ಕಾಲೇಜಿನಲ್ಲಿ ಬರೀ ಎರಡು ಪಾಯಿಂಟಿನದು. ಜಿಮ್‌ನಲ್ಲಿ ಟೇಪ್ ಹಿಡಿದು ಅಳೆದು ನೆಲಕ್ಕೆ ಪಟ್ಟಿ ಅಂಟಿಸಿ, ಅಲ್ಲಿಂದಲೇ ಅಭ್ಯಾಸ ಮಾಡಲಿ. ಅಲ್ಲಿಂದ ಹಾಕುವ ವಿಡಿಯೋ ಇದ್ದರೆ ಯಾರ ಎದುರು ಅನ್ನುವ ಪ್ರಶ್ನೆ ಏಳುವುದೇ ಇಲ್ಲ. ದೂರ ಎಲ್ಲರಿಗೂ ಒಂದೇ ಅಲ್ವಾ?

ಇದೇ ಕಾರಣಕ್ಕೆ ಟ್ರ್ಯಾಕ್ ಬಿಡಿಸಬೇಡಿ. ಸಣ್ಣ ಸ್ಕೂಲಿನಲ್ಲಿ ಒಬ್ಬನೇ ಹುಡುಗ ಮೂರು ಆಟ ಆಡುತ್ತಾನೆ, ಅದು ವರ. ಹೈ ಜಂಪಿನಲ್ಲಿ ಎಷ್ಟು ಹಾರಿದ, 400 ಮೀಟರ್ ಎಷ್ಟು ಸೆಕೆಂಡಿಗೆ ಓಡಿದ ಅನ್ನುವುದಕ್ಕೆ ಎದುರಾಳಿ ಯಾರು ಅಂತ ಕೇಳಬೇಕಿಲ್ಲ. ಸ್ಟಾಪ್‌ವಾಚು ಲಾಸ್ ಏಂಜಲೀಸ್‌ನಲ್ಲೂ ಒಂದೇ, ನಿಮ್ಮೂರಲ್ಲೂ ಒಂದೇ. ಹುಡುಗನ ಆಟ ಅರ್ಥವಾಗದಿದ್ದಾಗ ನಾನು ಎಷ್ಟೋ ಸಲ ಅವನ ಟ್ರ್ಯಾಕ್ ಫಲಿತಾಂಶ ಹುಡುಕಿ ನೋಡಿದ್ದೇನೆ.

ಆ ಎರಡು ಕ್ಯಾಂಪ್ ಪತ್ರಗಳ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಅದು ಕರೆಯೋಲೆ ಅಲ್ಲ, ಜಾಹೀರಾತು. ಡಿವಿಷನ್ 1 ಪುರುಷರ ಬಾಸ್ಕೆಟ್‌ಬಾಲಿನಲ್ಲಿ ಹತ್ತನೇ ಗ್ರೇಡ್ ಮುಗಿದ ಮೇಲೆ ಬರುವ ಜೂನ್ 15ರವರೆಗೆ ಕೋಚ್‌ಗಳು ಹುಡುಗನಿಗೆ ಫೋನ್, ಮೆಸೇಜ್ ಮಾಡಿ ರಿಕ್ರೂಟ್ ಮಾಡುವಂತಿಲ್ಲ. ಕ್ಯಾಂಪ್ ಮಾಹಿತಿ, ಪ್ರಶ್ನಾವಳಿ ಮಾತ್ರ ಕಳಿಸಬಹುದು. ಅದನ್ನು ಸಾವಿರಾರು ಜನಕ್ಕೆ ಕಳಿಸುತ್ತಾರೆ. ಕ್ಯಾಂಪ್ ಫೀಸಿನಿಂದ ಸಹಾಯಕರ ಖರ್ಚು ನಡೆಯುತ್ತದೆ. ನಾನೂ ಅಂಥ ಲಕೋಟೆಗಳಿಗೆ ಅಂಟು ಹಚ್ಚಿದವನೇ. ದೊಡ್ಡ ಕಾಲೇಜಿನ ಕ್ಯಾಂಪಿಗೆ ಹೋಗಿ ಟೀ-ಶರ್ಟ್ ತಗೊಂಡು ಬರುವ ಬದಲು ಹೇಸ್‌ನಲ್ಲಿರುವ ಫೋರ್ಟ್ ಹೇಸ್ ಸ್ಟೇಟ್‌ನಂಥ ಕಡೆ ಹೋಗಿ. ಅದು ಡಿವಿಷನ್ 2, ನಿಮ್ಮ ಸೀಮೆಯದೇ ಕಾಲೇಜು. ಅಂಥ ಕಡೆ ಕ್ಯಾಂಪಿನಲ್ಲಿ ನಿಂತು ನೋಡುವ ಕೋಚೇ ಹುಡುಗನನ್ನು ತಗೊಳ್ಳುವ ಕೋಚ್ ಕೂಡ.

3,000 ಡಾಲರ್ ಕಂಪನಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಅಂಥ ಮೇಲ್ ನನಗೆ ದಿನಕ್ಕೆ ಮೂವತ್ತು ಬರುತ್ತಿದ್ದವು. ತೆರೆಯದೆ ಅಳಿಸುತ್ತಿದ್ದೆ. ಹುಡುಗನೇ ಬರೆದ ನಾಲ್ಕು ಸಾಲನ್ನು ಮಾತ್ರ ಓದುತ್ತಿದ್ದೆ. ಮೇಲಿನ ಸಾಲಿನಲ್ಲಿ ಹೆಸರು, ಹೈಸ್ಕೂಲ್ ಮುಗಿಸುವ ವರ್ಷ, ಎತ್ತರ, ಗಾರ್ಡ್ ಅಂತ, ಜಿಪಿಎ ಅಂದರೆ ಅಂಕಗಳ ಸರಾಸರಿ, ಊರು. ಒಳಗೆ ನಿಮ್ಮ ಕಾಲೇಜಿನಲ್ಲಿ ನನಗೆ ಯಾಕೆ ಆಸಕ್ತಿ ಅಂತ ಎರಡು ಸಾಲು, ಸ್ಕೂಲ್ ಕೋಚ್‌ನ ನಂಬರ್, ವಿಡಿಯೋ ಕೊಂಡಿ. ಸಾಕು. ಬರೆಯುವವನು ಅವನೇ ಆಗಿರಲಿ, ನೀವಲ್ಲ. ನಮ್ಮ ಅಪ್ಪ ಅಮ್ಮಂದಿರು ಮಗನ ಹೆಸರಲ್ಲಿ ಬರೆದ ಮೇಲ್ ನನಗೆ ಎರಡನೇ ಸಾಲಿಗೇ ಗೊತ್ತಾಗುತ್ತಿತ್ತು. ಹದಿನಾರರ ಯಾವ ಹುಡುಗನೂ "ಈ ಮೂಲಕ ತಮ್ಮಲ್ಲಿ ಕೋರುವುದೇನೆಂದರೆ" ಅನ್ನುವ ಧಾಟಿಯಲ್ಲಿ ಬರೆಯುವುದಿಲ್ಲ!

ವಿಡಿಯೋ ಮೂರು ನಿಮಿಷ ಇರಲಿ, ಹಾಡು ಬೇಡ. ಮೊದಲ ಐದು ತುಣುಕುಗಳಲ್ಲೇ ಕೋಚ್ ನಿರ್ಧಾರ ಮಾಡುತ್ತಾರೆ. ಜೊತೆಗೆ ಒಂದು ಪೂರ್ತಿ ಮ್ಯಾಚ್ ಕಳಿಸಿ. ಯಾವ ಮ್ಯಾಚ್? ಎಲ್ಲರೂ 38 ಹಾಕಿದ್ದನ್ನು ಕಳಿಸುತ್ತಾರೆ. ನೀವು ಗಟ್ಟಿ ಟೀಮಿನ ಎದುರು ಸೋತಿದ್ದನ್ನು ಕಳಿಸಿ. ಬಾಲ್ ಕಳಕೊಂಡ ಮೇಲೆ ಹಿಂದಕ್ಕೆ ಓಡುತ್ತಾನಾ, ಕೋಚ್ ಹೊರಗೆ ಕರೆದಾಗ ಮುಖ ಹೇಗಿರುತ್ತದೆ, ಬೆಂಚಿನಲ್ಲಿ ಟವೆಲ್ ಎಸೆಯುತ್ತಾನಾ? ನಾವು ನೋಡುತ್ತಿದ್ದದ್ದು ಇದನ್ನೇ. ಹಾಗೇ ಗ್ಯಾಲರಿಯಲ್ಲಿ ಅಪ್ಪ ಅಮ್ಮ ಹೇಗಿದ್ದಾರೆ ಅನ್ನುವುದನ್ನೂ ನೋಡುತ್ತಿದ್ದೆವು. ರೆಫರಿ ಮೇಲೆ ಕೂಗಾಡುವ ಅಪ್ಪನಿಂದಾಗಿ ನಾನು ಕೈಬಿಟ್ಟ ಹುಡುಗರು ಇಬ್ಬರಿದ್ದಾರೆ.

ವಿಚಿಟಾಗೆ ಮನೆ ಬದಲಿಸಬೇಡಿ. ಅಲ್ಲಿ ಎರಡು ಸಾವಿರ ಮಕ್ಕಳ ಸ್ಕೂಲಿನಲ್ಲಿ ಅವನು ಏಳನೆಯ ಆಟಗಾರ ಆಗಬಹುದು. ನಿಮ್ಮೂರಲ್ಲಿ 32 ನಿಮಿಷವೂ ಕೋರ್ಟಿನಲ್ಲಿರುತ್ತಾನೆ. ಕೋಚ್ ಹತ್ತಿರ ಕೇಳಿದರೆ ಜಿಮ್ ಕೀ ಸಿಗುತ್ತದೆ, ರಾತ್ರಿ ಒಂಬತ್ತಕ್ಕೂ ಶೂಟ್ ಮಾಡಬಹುದು. ದೊಡ್ಡ ಊರಲ್ಲಿ ಇದಕ್ಕೆ ದುಡ್ಡು ಸುರಿಯುತ್ತಾರೆ. ನಿಮ್ಮ ಯಜಮಾನರ ಎಚ್-1 ಆ ಆಸ್ಪತ್ರೆಗೆ ಕಟ್ಟಿದ್ದು, ಅದನ್ನೂ ಮರೆಯಬೇಡಿ. ಬದಲಾಗಬೇಕಾದದ್ದು ಬೇಸಿಗೆ ಮಾತ್ರ. ಏಪ್ರಿಲ್‌ನಿಂದ ಜುಲೈವರೆಗೆ ಎಎಯು ಅನ್ನುವ ಕ್ಲಬ್ ಟೀಮುಗಳ ಟೂರ್ನಿ ನಡೆಯುತ್ತವೆ. ಕಾಲೇಜ್ ಕೋಚ್‌ಗಳು ಒಂದೇ ಛಾವಣಿ ಕೆಳಗೆ ನೂರು ಟೀಮ್ ನೋಡುವುದು ಅಲ್ಲಿ. ವಿಚಿಟಾದ ಒಂದು ಸಾಧಾರಣ ಟೀಮ್ ಸೇರಲಿ. ನೈಕಿ, ಅಡಿಡಾಸ್ ನಡೆಸುವ ದೊಡ್ಡ ಸರ್ಕ್ಯೂಟಿನ ಟೀಮಿಗೆ ಸೇರಿ ಬೆಂಚಿನಲ್ಲಿ ಕೂರುವುದಕ್ಕಿಂತ, ಎರಡನೇ ಸಾಲಿನ ಟೀಮಿನಲ್ಲಿ ಆಡುವುದು ಎಷ್ಟೋ ಮೇಲು. ಜೂನಿನಲ್ಲಿ ಹೈಸ್ಕೂಲ್ ಟೀಮುಗಳು ಒಟ್ಟಾಗಿ ಕಾಲೇಜುಗಳಿಗೆ ಹೋಗಿ ಆಡುವ ಟೀಮ್ ಕ್ಯಾಂಪುಗಳೂ ಇರುತ್ತವೆ. ನಿಮ್ಮ ಸ್ಕೂಲ್ ಹೋಗುತ್ತದಾ ಕೇಳಿ. ಹೋಗದಿದ್ದರೆ ಪೋಷಕರು ಸೇರಿ ವ್ಯಾನಿಗೆ ದುಡ್ಡು ಹಾಕಿ ಕಳಿಸಿ.

ಡಿವಿಷನ್ 1 ಅನ್ನುವ ಪದ ನಮ್ಮವರ ಬಾಯಲ್ಲಿ ಐಐಟಿ ಥರ ಆಗಿದೆ. ಕಾನ್ಸಾಸ್‌ನಲ್ಲಿ ಡಿವಿಷನ್ 1 ಕಾಲೇಜುಗಳು ಮೂರೇ. ಅದರ ಕೆಳಗೆ ಎಷ್ಟೊಂದಿದೆ ನೋಡಿ. ಡಿವಿಷನ್ 2ರಲ್ಲಿ ಫೋರ್ಟ್ ಹೇಸ್, ಎಂಪೋರಿಯಾ, ಪಿಟ್ಸ್‌ಬರ್ಗ್, ವಾಶ್‌ಬರ್ನ್. ಎನ್‌ಎಐಎ ಅನ್ನುವ ಬೇರೆ ಸಂಸ್ಥೆಯಡಿ ಮೆಕ್‌ಫರ್ಸನ್, ಬೆಥನಿ, ಸ್ಟರ್ಲಿಂಗ್, ಟೇಬರ್ ಥರದ ಸಣ್ಣ ಖಾಸಗಿ ಕಾಲೇಜುಗಳು. ಈ ಎನ್‌ಎಐಎ ಕೋಚ್‌ಗಳಿಗೆ ಜೂನ್ 15ರ ಕಟ್ಟಿಲ್ಲ. ಆಟಕ್ಕೆ ಸ್ವಲ್ಪ, ಅಂಕಕ್ಕೆ ಸ್ವಲ್ಪ ಅಂತ ಸೇರಿಸಿ ಸಹಾಯ ಕೊಡುತ್ತಾರೆ. ಆಮೇಲೆ ಎರಡು ವರ್ಷದ ಜೂನಿಯರ್ ಕಾಲೇಜುಗಳು. ಅವುಗಳ ರಾಷ್ಟ್ರೀಯ ಟೂರ್ನಿ 1949ರಿಂದ ನಿಮ್ಮ ರಾಜ್ಯದ ಹಚಿನ್ಸನ್‌ನಲ್ಲೇ ನಡೆಯುತ್ತಿದೆ. ಮಾರ್ಚಿನಲ್ಲಿ ಮಗನನ್ನು ಒಮ್ಮೆ ಕರಕೊಂಡು ಹೋಗಿ. ಆ ಮಟ್ಟದ ವೇಗ ಏನು ಅಂತ ಕಣ್ಣಿಗೆ ಬೀಳಲಿ. ಟೆಕ್ಸಸ್‌ನ ಟಾಮ್‌ಬಾಲ್ ಊರಿನ ಜಿಮ್ಮಿ ಬಟ್ಲರ್ ಹೈಸ್ಕೂಲ್ ಮುಗಿಸಿದಾಗ ದೊಡ್ಡ ಕಾಲೇಜುಗಳು ಕೇಳಲಿಲ್ಲ. ಟೈಲರ್ ಜೂನಿಯರ್ ಕಾಲೇಜಿನಲ್ಲಿ ಒಂದು ವರ್ಷ ಆಡಿ ಮಾರ್ಕೆಟ್ (Marquette) ಯೂನಿವರ್ಸಿಟಿಗೆ ಹೋದ. ಆಮೇಲೆ ಎನ್‌ಬಿಎ.

ಓದಿನಲ್ಲಿ ಜೋರಿದ್ದರೆ ಡಿವಿಷನ್ 3 ಕೂಡ ನೋಡಿ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಓದಿಗೆ ಕೊಡುವ ಸಹಾಯ ಚೆನ್ನಾಗಿರುತ್ತದೆ. ನ್ಯೂ ಹ್ಯಾಂಪ್‌ಶೈರಿನ ನ್ಯೂ ಕ್ಯಾಸಲ್ ಅನ್ನುವ ಪುಟ್ಟ ಊರಿನ ಡಂಕನ್ ರಾಬಿನ್ಸನ್ ವಿಲಿಯಮ್ಸ್ ಕಾಲೇಜಿನಲ್ಲಿ ಡಿವಿಷನ್ 3 ಆಡಿ, ಅಲ್ಲಿಂದ ಮಿಷಿಗನ್, ಅಲ್ಲಿಂದ ಎನ್‌ಬಿಎಯ ಮಯಾಮಿ ಹೀಟ್ ತಲುಪಿದ. ಈ ಹೆಸರುಗಳನ್ನು ಆಸೆ ಹುಟ್ಟಿಸೋಕೆ ಹೇಳುತ್ತಿಲ್ಲ. ಇವರೆಲ್ಲ ಲಕ್ಷಕ್ಕೊಬ್ಬರು. ಕೆಳಗಿನ ಮೆಟ್ಟಿಲಿಗೆ ಹೋದರೆ ದಾರಿ ಮುಚ್ಚಿತು ಅಂತ ಹುಡುಗ ಅಂದುಕೊಳ್ಳಬಾರದು, ಅದಕ್ಕೆ ಹೇಳಿದೆ. ಪೋರ್ಟಲ್ ಕೆಳಕ್ಕೆ ತಳ್ಳುವ ಹಾಗೆ ಮೇಲಕ್ಕೂ ಎತ್ತುತ್ತದೆ.

ಊರಿನ ಗಾತ್ರಕ್ಕೂ ಕಾಲೇಜಿನ ಗಾತ್ರಕ್ಕೂ ಹೊಂದಬೇಕು ಅನ್ನುವುದು ಇನ್ನೊಂದು ವಿಷಯ. ಲ್ಯಾರಿ ಬರ್ಡ್ ಗೊತ್ತಲ್ಲ. ಇಂಡಿಯಾನಾದ ಫ್ರೆಂಚ್ ಲಿಕ್, ಸುಮಾರು ಎರಡು ಸಾವಿರ ಜನರ ಊರು. 1974ರಲ್ಲಿ ಇಂಡಿಯಾನಾ ಯೂನಿವರ್ಸಿಟಿ ಸೇರಿದ. ಮೂವತ್ತು ಸಾವಿರ ವಿದ್ಯಾರ್ಥಿಗಳ ಜಾತ್ರೆ ಅದು. ಒಂದು ತಿಂಗಳೂ ಇರಲಾರದೆ ಮನೆಗೆ ವಾಪಸ್ ಬಂದ. ಊರಿನ ಪುರಸಭೆಯಲ್ಲಿ ಕಸದ ಲಾರಿ ಕೆಲಸ ಮಾಡಿದ. ಮರುವರ್ಷ ಇಂಡಿಯಾನಾ ಸ್ಟೇಟ್ ಎಂಬ ಚಿಕ್ಕ ಕಾಲೇಜ್ ಸೇರಿದ. 1979ರಲ್ಲಿ ಅದೇ ಕಾಲೇಜನ್ನು 33 ಗೆಲುವಿನೊಂದಿಗೆ ರಾಷ್ಟ್ರೀಯ ಫೈನಲ್‌ಗೆ ಕರಕೊಂಡು ಹೋದ, ಮ್ಯಾಜಿಕ್ ಜಾನ್ಸನ್ ಟೀಮಿನ ಎದುರು ಸೋತ. ಕಾಲೇಜ್ ನೋಡಲು ಹೋದಾಗ ಮಗ ಹಾಸ್ಟೆಲಿನಲ್ಲಿ ಒಂದು ರಾತ್ರಿ ಮಲಗಿ ಬರಲಿ. ಬೆಳಗ್ಗೆ ಅವನ ಮುಖ ನೋಡಿ.

ಓದಿನ ವಿಷಯದಲ್ಲಿ ಸಣ್ಣ ಸ್ಕೂಲಿಗೊಂದು ಗುಂಡಿ ಇದೆ. ಡಿವಿಷನ್ 1 ಆಡಲು ಎನ್‌ಸಿಎಎ ಒಪ್ಪಿದ 16 ಕೋರ್ ಕೋರ್ಸ್ ಆಗಿರಬೇಕು. ಅದರಲ್ಲಿ ಹತ್ತು ಕೋರ್ಸ್, ಹನ್ನೆರಡನೇ ಗ್ರೇಡ್ ಶುರುವಾಗುವ ಮೊದಲೇ ಮುಗಿಯಬೇಕು. ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನ. ಕೋರ್ ಜಿಪಿಎ ಕನಿಷ್ಠ 2.3. ನಿಮ್ಮ ಮಗನಿಗೆ ಅಂಕದ ಚಿಂತೆ ಇಲ್ಲ ಅಂದುಕೊಳ್ಳುತ್ತೇನೆ. ಆದರೆ ಟೀಚರ್ ಇಲ್ಲದೆ ಆನ್‌ಲೈನ್‌ನಲ್ಲಿ ಮಾಡಿಸುವ ಕೋರ್ಸುಗಳು ಆ ಪಟ್ಟಿಯಲ್ಲಿ ಇಲ್ಲದೇ ಹೋಗಬಹುದು. ಪ್ರತಿ ಹೈಸ್ಕೂಲಿನ ಪಟ್ಟಿ ಎನ್‌ಸಿಎಎ ವೆಬ್‌ಸೈಟಿನಲ್ಲಿದೆ. ಮುಂದಿನ ವರ್ಷದ ಕೋರ್ಸ್ ಆರಿಸುವ ಮೊದಲು ಕೌನ್ಸೆಲರ್ ಜೊತೆ ಕೂತು ನೋಡಿ.

ವೀಸಾ. ಇದನ್ನು ಯಾವ ಕೋಚೂ ನಿಮಗೆ ಹೇಳುವುದಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ಎಚ್-4ನಲ್ಲಿ ಓದಬಹುದು, ಆಟದ ಸ್ಕಾಲರ್‌ಶಿಪ್ಪನ್ನೂ ತಗೊಳ್ಳಬಹುದು. ಆದರೆ ಸರ್ಕಾರದ ಫೆಡರಲ್ ವಿದ್ಯಾರ್ಥಿ ಸಹಾಯ ಸಿಗುವುದಿಲ್ಲ. ಸಣ್ಣ ಕಾಲೇಜಿನವರು ಹೇಳುವ ಮೊತ್ತದಲ್ಲಿ ಆ ಸಹಾಯವೂ ಸೇರಿರಬಹುದು. ಅದನ್ನು ಕಳೆದು ನಾವು ಎಷ್ಟು ಕಟ್ಟಬೇಕು ಅಂತ ಬರವಣಿಗೆಯಲ್ಲಿ ಕೇಳಿ. ಎರಡನೆಯದು, 21 ತುಂಬಿದರೆ ಎಚ್-4 ಮುಗಿಯಿತು. ನಿಮ್ಮ ಮಗನಿಗೆ ಅದು ಕಾಲೇಜಿನ ನಡುವೆಯೇ ಬರುತ್ತದೆ, ಎಫ್-1 ಅನ್ನುವ ವಿದ್ಯಾರ್ಥಿ ವೀಸಾಗೆ ಬದಲಿಸಬೇಕಾಗಬಹುದು. ಮೂರನೆಯದು ದುಡ್ಡು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಗಳಿಸಬಹುದು, ಎನ್‌ಐಎಲ್ ಅನ್ನುತ್ತಾರೆ. ಎಚ್-4ನಲ್ಲಿ ದುಡಿಯಲು ಅನುಮತಿ ಇಲ್ಲ, ಎಫ್-1ನಲ್ಲಿ ಬಹಳ ಬಿಗಿ. ಊರಿನ ಕಾರ್ ಡೀಲರ್ ಪ್ರೀತಿಯಿಂದ 500 ಡಾಲರ್ ಕೊಟ್ಟು ಒಂದು ಫೋಟೋ ಹಾಕು ಅಂದರೂ ವಕೀಲರನ್ನು ಕೇಳದೆ ತಗೊಳ್ಳಬಾರದು. ಜೊತೆಯ ಹುಡುಗರು ತಗೊಳ್ಳುತ್ತಾರೆ, ಇವನಿಗೆ ಹೊಟ್ಟೆ ಉರಿಯುತ್ತದೆ. ಈಗಲೇ ಕೂರಿಸಿ ಹೇಳಿಡಿ.

ಕೊನೆಗೆ ಊಟ. ದೊಡ್ಡ ಕಾಲೇಜುಗಳಲ್ಲಿ ಯೋಚನೆಯೇ ಇಲ್ಲ, 2014ರಿಂದ ಡಿವಿಷನ್ 1 ಆಟಗಾರರಿಗೆ ಊಟ ತಿಂಡಿಗೆ ಮಿತಿ ತೆಗೆದಿದ್ದಾರೆ, ಕೇಳಿದ್ದನ್ನು ಮಾಡಿಕೊಡುತ್ತಾರೆ. ಸಣ್ಣ ಕಾಲೇಜಿನಲ್ಲಿ ರಾತ್ರಿ ಹನ್ನೊಂದಕ್ಕೆ ಬಸ್ಸು ಹೆದ್ದಾರಿ ಪಕ್ಕ ನಿಲ್ಲುತ್ತದೆ, ಇರುವುದು ಪಿಜ್ಜಾ ಅಥವಾ ಸ್ಯಾಂಡ್‌ವಿಚ್. ಬದುಕಬಹುದು. ಆದರೆ ನಾಲ್ಕು ತಿಂಗಳ ಸೀಸನ್ನಿನಲ್ಲಿ ಅದನ್ನೇ ತಿಂದರೆ ತೂಕ ಇಳಿಯುತ್ತದೆ, ಮೈ ತುಂಬಬೇಕಾದ ವಯಸ್ಸದು. ಸಸ್ಯಾಹಾರಿ ಅಂತ ಕೋಚ್‌ಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ, ಸಂಕೋಚ ಬೇಡ. ನಮ್ಮ ಟೀಮಿನಲ್ಲಿ ಒಬ್ಬ ಗುಜರಾತಿ ಹುಡುಗನಿದ್ದ. ಅವನ ಚೀಲದಲ್ಲಿ ಯಾವಾಗಲೂ ಕಡಲೆಬೀಜದ ಬೆಣ್ಣೆ ಡಬ್ಬಿ, ಹುರಿಗಡಲೆ, ಬೇಯಿಸಿದ ಕಾಬೂಲಿ ಕಡಲೆ ಇರುತ್ತಿತ್ತು. ಫೆಬ್ರವರಿ ಹೊತ್ತಿಗೆ ಬಸ್ಸಿನಲ್ಲಿ ಅರ್ಧ ಟೀಮ್ ಅವನ ಪಕ್ಕದ ಸೀಟಿಗೆ ಜಗಳ ಆಡುತ್ತಿತ್ತು. ಡಬ್ಬಿ ದೊಡ್ಡದೇ ಕೊಟ್ಟು ಕಳಿಸಿ.